ಅಜ್ಟೆಕರ ಕಥೆಗೆ ನಗೆಬರಹದ ಧಾಟಿ: ನಗು ಯಾರದ್ದಾಗಿರಬೇಕು?

ಹಾಲಕ್ಕಿ (ಚರ್ಚೆ ಆರಂಭಿಸಿದವರು)

ಹಳೆಯ ಮೆಕ್ಸಿಕೊದ ಅಜ್ಟೆಕರ ಇತಿಹಾಸವನ್ನು ಕನ್ನಡದಲ್ಲಿ ನಗೆಬರಹಗಳ ಸರಣಿಯಾಗಿ ಬರೆಯಲು ಕೂತಿದ್ದೇನೆ. ಮುಂದುವರಿಯುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು, ಅದಕ್ಕೇ ಈ ಚರ್ಚೆ.

ಈ ಜನರ ಬಗ್ಗೆ ತಮಾಷೆ ಅಂತ ಓಡಾಡುವುದೆಲ್ಲ ಒಂದೇ ಅಚ್ಚಿನದು. ಗರಿಯ ಕಿರೀಟ, ಕಲ್ಲಿನ ಚೂರಿ, ಎದೆಯಿಂದ ಕಿತ್ತ ಗುಂಡಿಗೆ, ಗಡ್ಡದ ಬಿಳಿಯನನ್ನು ದೇವರೆಂದು ತಿಳಿದು ಅಡ್ಡಬಿದ್ದ ಪೆದ್ದ ರಾಜ. ಇದು ಊರು ಸುಟ್ಟ ಸ್ಪೇನಿನವರು ನಕ್ಕ ನಗು. ಅದನ್ನು ಕನ್ನಡದಲ್ಲಿ ಮುಂದುವರಿಸಲು ನನಗೆ ಮನಸ್ಸಿಲ್ಲ. ಆದರೆ ಪಾದ್ರಿ ಡಿಯೆಗೊ ದುರಾನ್ 1581ರಲ್ಲಿ ಬರೆದು ಮುಗಿಸಿದ ಇತಿಹಾಸವನ್ನು ಓದಿದರೆ ಬೇರೆಯೇ ಒಂದು ನಗು ಕೇಳಿಸುತ್ತದೆ. ಆ ಜನ ತಮ್ಮ ಕಥೆಯನ್ನು ತಾವೇ ನಕ್ಕೊಂಡು ಹೇಳಿಕೊಂಡಿದ್ದಾರೆ.

ಹಾವಿನ ಪ್ರಸಂಗ ನೋಡಿ. ವರ್ಷಗಟ್ಟಲೆ ಅಲೆದು ಬಂದ ಮೆಶೀಕಾ ಜನ (ನಾವು ಅಜ್ಟೆಕರು ಅನ್ನುವಾಗ ಮುಖ್ಯವಾಗಿ ಇವರೇ) ಕುಲ್ವಾಕಾನಿನ ದೊರೆಯ ಮುಂದೆ ನಿಂತು ಇರಲಿಕ್ಕೆ ಒಂದು ತುಂಡು ನೆಲ ಕೇಳುತ್ತಾರೆ. ಆಸ್ಥಾನದವರಿಗೆ ಈ ಜನರನ್ನು ಕಂಡರೆ ಆಗದು. ಇಲ್ಲ ಅಂದರೆ ಜಗಳಕ್ಕೆ ನಿಲ್ಲುತ್ತಾರೆ ಎಂಬ ಭಯವೂ ಇದೆ. ಕೂತು ಯೋಚಿಸಿ, ತಿಸಾಪಾನ್ ಎಂಬ ಜಾಗ ಕೊಡುತ್ತಾರೆ. ಬರೀ ಕಲ್ಲು, ಕಲ್ಲಿನ ಸಂದಿಸಂದಿಯಲ್ಲೂ ಹಾವು. ಕೊಟ್ಟ ಹಾಗೂ ಆಯಿತು, ಪೀಡೆ ಕಳೆದ ಹಾಗೂ ಆಯಿತು. ಸ್ವಲ್ಪ ಕಾಲ ಬಿಟ್ಟು, ಎಷ್ಟು ಜನ ಉಳಿದಿದ್ದಾರೆ ನೋಡಿಕೊಂಡು ಬನ್ನಿ ಎಂದು ದೂತರನ್ನು ಕಳಿಸುತ್ತಾರೆ. ದೂತರು ಹೋಗಿ ನೋಡಿದರೆ ಹೊಲ ಹಸನಾಗಿದೆ, ಮನೆ ಎದ್ದಿದೆ, ಗುಡಿಯೂ ನಿಂತಿದೆ. ಒಲೆಯ ಮೇಲಿನ ಮಡಕೆಯಲ್ಲಿ ಹಾವು ಬೇಯುತ್ತಿದೆ, ಕೆಂಡದ ಮೇಲೆ ಹಾವು ಸುಡುತ್ತಿದೆ. ಒಳ್ಳೆಯ ಜಾಗ ಕೊಟ್ಟಿರಿ, ಸುಖವಾಗಿದ್ದೇವೆ ಎಂಬ ಉತ್ತರ. ದೂತರ ವರದಿ ಕೇಳಿದ ದೊರೆ, ಇವರ ಸಹವಾಸಕ್ಕೆ ಹೋಗಬೇಡಿ, ಕೇಳಿದ್ದು ಕೊಟ್ಟುಬಿಡಿ ಅನ್ನುತ್ತಾನೆ.

ಇದಕ್ಕೆ ನಾನು ಸೇರಿಸಬೇಕಾದ್ದು ಏನೂ ಇಲ್ಲ. ನಗು ಒಳಗೇ ಇದೆ. ಕಿವಿಯ ಪ್ರಸಂಗವೂ ಹಾಗೆಯೇ. ಕುಲ್ವಾಕಾನ್ ಪರವಾಗಿ ಶೋಚಿಮಿಲ್ಕೊದವರ ಮೇಲೆ ಯುದ್ಧಕ್ಕೆ ಹೋದ ಮೆಶೀಕಾ ಯೋಧರು ಬರಿಗೈಯಲ್ಲಿ ಬಂದರು ಎಂದು ಆಸ್ಥಾನದವರು ಹೀಯಾಳಿಸುತ್ತಾರೆ. ಸೆರೆಯಾಳುಗಳೆಲ್ಲ ತಮ್ಮವರು ಹಿಡಿದವರು ಎಂದು ಬೀಗುತ್ತಾರೆ. ಆಗ ಇವರು ಚೀಲ ಬಿಚ್ಚಿ ಸುರಿಯುತ್ತಾರೆ: ಕಿವಿಗಳು. (ಕೆಲವು ಪಾಠಗಳಲ್ಲಿ ಮೂಗು.) ನಿಮ್ಮ ಸೆರೆಯಾಳುಗಳಿಗೆ ಒಂದೊಂದು ಕಿವಿ ಯಾಕಿಲ್ಲ, ನೋಡಿಕೊಳ್ಳಿ. ಹಿಡಿದವರು ನಾವು, ಕಟ್ಟಿ ತಂದವರು ನೀವು.

ಇಲ್ಲಿವರೆಗೆ ಸರಿ. ಮುಂದಿನ ಪ್ರಸಂಗದಲ್ಲೇ ಕುಲ್ವಾಕಾನ್ ದೊರೆಯ ಮಗಳನ್ನು ಬಲಿಕೊಟ್ಟ ಕಥೆ ಬರುತ್ತದೆ. ಅಲ್ಲಿ ನನ್ನ ಪೆನ್ನು ನಿಂತಿದೆ. ನೀವೆಲ್ಲ ಏನಂತೀರಿ?

ಚರಿತ್ರೆ ಮೇಷ್ಟ್ರು

ಹಾಲಕ್ಕಿಯವರೇ, ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ. ನಿಮ್ಮ ದಾರಿಯಲ್ಲಿ ಒಂದು ಕಲ್ಲಿಡುತ್ತೇನೆ, ಎಡವದೆ ದಾಟಿ ಅನ್ನುವ ಉದ್ದೇಶದಿಂದ.

ಈ ಹಾವು, ಕಿವಿ ಕಥೆಗಳನ್ನು ಯಾರು, ಯಾವಾಗ ಹೀಗೆ ಜೋಡಿಸಿದರು? ಟೆನೋಚ್‌ಟಿಟ್ಲಾನ್ ಎಂಬ ಮೆಶೀಕಾ ನಗರ ಹುಟ್ಟಿದ್ದು 1325ರಲ್ಲಿ ಎಂಬುದು ಸಂಪ್ರದಾಯ. ಅದು ಸ್ವತಂತ್ರವಾದದ್ದು 1428ರಲ್ಲಿ, ನೆರೆಯ ರಾಜ್ಯ ಅಸ್ಕಾಪೊಟ್ಸಾಲ್ಕೊದ ಹಿಡಿತ ಮುರಿದ ಮೇಲೆ. ಆಮೇಲೆ ದೊರೆ ಇಟ್ಸ್‌ಕೋಟ್ಲ್ ಹಳೆಯ ಚಿತ್ರಗ್ರಂಥಗಳನ್ನು ಸುಡಿಸಿದ. ಅವುಗಳಲ್ಲಿ ಸುಳ್ಳು ತುಂಬಿದೆ, ಸಾಮಾನ್ಯ ಜನ ಅದನ್ನೆಲ್ಲ ತಿಳಿಯಬೇಕಾಗಿಲ್ಲ ಎಂಬ ಕಾರಣ ಕೊಟ್ಟರೆಂದು, ಅಲ್ಲಿನವರನ್ನು ಕೇಳಿ ಬರೆಸಿದ ಸ್ಪೇನಿನ ಪಾದ್ರಿ ಸಹಗೂನ್‌ಗೆ ಹೇಳಿದವರು ಅಲ್ಲಿನ ಹಿರಿಯರೇ. ನಮಗೆ ದಕ್ಕಿದ್ದು ಸುಟ್ಟ ಮೇಲೆ ಬರೆಸಿದ ಇತಿಹಾಸ. ಯಾರಿಗೂ ಬೇಡವಾಗಿದ್ದೆವು, ಹಾವು ತಿಂದು ಬದುಕಿದೆವು, ಬುದ್ಧಿಯಿಂದ ಗೆದ್ದೆವು ಎಂಬ ಈ ಕಥೆ ಅರಮನೆಗೆ ಬೇಕಾಗಿದ್ದ ಕಥೆ. ಸಾಮ್ರಾಜ್ಯ ಕಟ್ಟಿ ಸುತ್ತಲಿನ ಊರುಗಳಿಂದ ಕಪ್ಪ ಹೀರುವಾಗ, ನಾವೂ ಒಂದು ಕಾಲಕ್ಕೆ ಬಡವರಾಗಿದ್ದೆವು ಎಂದು ನಗುವುದು ಬಹಳ ಅನುಕೂಲ.

ಹಾಗಂತ ಕಥೆ ಬಿಡಿ ಅನ್ನುತ್ತಿಲ್ಲ. ಅಸ್ಕಾಪೊಟ್ಸಾಲ್ಕೊದ ಮುದಿ ದೊರೆ ತೆಸೊಸೊಮೊಕ್ ಕೇಳಿದ ಕಪ್ಪದ ಪ್ರಸಂಗ ಇದೆಯಲ್ಲ, ಅದನ್ನು ಬಿಡಲೇಬೇಡಿ. ಮೊದಲು, ನೀರಿನ ಮೇಲೆ ತೇಲುವ ತೋಟವನ್ನೇ ಎಳೆದು ತನ್ನಿ ಅಂದ. ಜೋಳ, ಮೆಣಸು, ಅವರೆ, ಕುಂಬಳ ಎಲ್ಲ ಅದರಲ್ಲಿ ಬೆಳೆದಿರಬೇಕು. ತಂದರು. ಆಮೇಲೆ, ತೋಟದಲ್ಲಿ ಒಂದು ಬಾತುಕೋಳಿ, ಒಂದು ಬೆಳ್ಳಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರಬೇಕು, ನನ್ನ ಮುಂದೆ ಬಂದ ಹೊತ್ತಿಗೆ ಸರಿಯಾಗಿ ಮರಿ ಒಡೆಯಬೇಕು ಅಂದ. ಅದನ್ನೂ ತಂದರು, ಮರಿಯೂ ಒಡೆಯಿತು. ಕೊನೆಗೆ ಕಪ್ಪ ಇಳಿದದ್ದು ಹೇಗೆ? ತೆಸೊಸೊಮೊಕನ ಮಗಳು ಟೆನೋಚ್‌ಟಿಟ್ಲಾನಿನ ದೊರೆ ವಿಟ್ಸಿಲಿವಿಟ್ಲ್‌ನನ್ನು ಮದುವೆಯಾಗಿ ಮೊಮ್ಮಗ ಹುಟ್ಟಿದ ಮೇಲೆ. ಅಜ್ಜನ ಮನಸ್ಸು ಕರಗಿ, ಎರಡು ಬಾತುಕೋಳಿ, ಒಂದಿಷ್ಟು ಮೀನು, ಕಪ್ಪೆ ಕೊಟ್ಟರೆ ಸಾಕು ಅಂದುಬಿಟ್ಟ.

ತೋಟದಮೂಲೆ

ಮೇಷ್ಟ್ರೇ, ಬಾತುಕೋಳಿ ಪ್ರಸಂಗ ಓದಿ ಮನೆಯವರಿಗೆಲ್ಲ ಹೇಳಿದೆ ಮಾರಾಯ್ರೆ. ನಂದು ಪುತ್ತೂರು ಕಡೆ, ಅಡಿಕೆ ಮಧ್ಯೆ ಕೊಕ್ಕೊ ಉಂಟು. ಮೆಕ್ಸಿಕೊದವರು ದುಡ್ಡಿನ ಹಾಗೆ ಬಳಸಿದ ಬೀಜ ಇಲ್ಲಿ ತೋಟದಲ್ಲಿ ಅಳಿಲು ತಿಂದು ಹೋಗ್ತದೆ. ಹಾಗಾಗಿ ನನಗೆ ರಾಜರ ಕಥೆಗಿಂತ ಸಂತೆಯ ಕಥೆ ಮೇಲೆ ಕಣ್ಣು.

ಸಹಗೂನ್ ಮಾಡಿಸಿದ ಹನ್ನೆರಡು ಸಂಪುಟದಲ್ಲಿ ಹತ್ತನೆಯದು ಪೂರ್ತಿ ಜನರ ಬಗ್ಗೆ. ಪ್ರತಿ ಕಸುಬಿಗೂ ಮೊದಲು ಒಳ್ಳೆಯವನು ಹೇಗಿರ್ತಾನೆ, ಆಮೇಲೆ ಕೆಟ್ಟವನು ಹೇಗಿರ್ತಾನೆ ಅಂತ ಉಂಟು. ಒಳ್ಳೆಯವನ ವರ್ಣನೆ ಓದ್ಲಿಕ್ಕೆ ಚಂದ, ಆದರೆ ಕೆಟ್ಟವನ ವರ್ಣನೆ ಬರೆಯುವಾಗ ಅವರಿಗೆ ಖುಷಿಯೇ ಬೇರೆ. ಕೆಟ್ಟ ಕೊಕ್ಕೊ ವ್ಯಾಪಾರಿ ಎಂತ ಮಾಡ್ತಾನೆ? ದಂಟಿನ ಬೀಜದ ಹಿಟ್ಟನ್ನು ಕಲಸಿ, ಇಲ್ಲದಿದ್ದರೆ ಮೇಣ, ಇಲ್ಲದಿದ್ದರೆ ಬೆಣ್ಣೆಹಣ್ಣಿನ ಗೊರಟು ಕೆತ್ತಿ, ನಿಜವಾದ ಕೊಕ್ಕೊ ಸಿಪ್ಪೆಯೊಳಗೆ ತುರುಕ್ತಾನೆ. ಬೀಜದ ಬಣ್ಣ, ಗಾತ್ರ ಚಂದ ಕಾಣ್ಲಿಕ್ಕೆ ಬಿಸಿ ಬೂದಿಯಲ್ಲಿ ಹಾಕ್ತಾನೆ. ಒಣಗಿಸಿದ ಬೀಜ ಕೈಯಲ್ಲಿ ಹಿಡಿದವರಿಗೆ ಗೊತ್ತು, ಆ ಸಿಪ್ಪೆ ಒಡೆಯದ ಹಾಗೆ ಒಳಗಿನದ್ದು ತೆಗೆದು ಬೇರೆ ತುಂಬುವುದು ಸಣ್ಣ ಕೆಲಸ ಅಲ್ಲ. ಅಷ್ಟು ಕಷ್ಟಪಟ್ಟವನು ಸಿಗುವುದೆಷ್ಟು? 1545ರಲ್ಲಿ ತ್ಲಾಶ್ಕಾಲಾದ ಸಂತೆಗೆ ಕಟ್ಟಿದ ದರಪಟ್ಟಿ ಅಜ್ಟೆಕರ ನಾವಾಟ್ಲ್ ಭಾಷೆಯಲ್ಲಿ ಉಳಿದಿದೆ. ಒಂದು ಹೆಣ್ಣು ಟರ್ಕಿ ಕೋಳಿಗೆ ಒಳ್ಳೆ ಬೀಜ ನೂರು, ಮುರುಟಿದ್ದಾದರೆ ನೂರ ಇಪ್ಪತ್ತು. ಟರ್ಕಿ ಮೊಟ್ಟೆಗೆ ಮೂರು. ದೊಡ್ಡ ಟೊಮೆಟೊಗೆ ಒಂದು. ಒಂದು ಗೊರಟು ಕೆತ್ತಿದರೆ ಒಂದು ಟೊಮೆಟೊ!

ಇನ್ನೊಂದು ಉಂಟು. ಬೆಣ್ಣೆಹಣ್ಣು ಆಗ ಕಿತ್ತದ್ದಾದರೆ ಮೂರು ಬೀಜ, ಪೂರ್ತಿ ಮಾಗಿದ್ದಾದರೆ ಒಂದು. ಮಾರುವವಳ ಬುಟ್ಟಿಯಲ್ಲಿ ಮಧ್ಯಾಹ್ನದೊಳಗೆ ಹಣ್ಣಿನ ಬೆಲೆ ಬೀಳ್ತಾ ಇರ್ತದೆ. ಒಬ್ಬ ಗಿರಾಕಿ ಹಣ್ಣು ಒತ್ತಿ ಒತ್ತಿ ನೋಡ್ತಾ ಕೂತ್ರೆ ಅವಳ ಕಥೆ ಏನಾಗ್ಬೇಕು? ಇಂಥ ಒಂದು ಪ್ರಸಂಗ ನಿಮ್ಮ ಸರಣಿಯಲ್ಲಿ ಬೇಕೇಬೇಕು. ದೊರೆ, ಪೂಜಾರಿ, ಯೋಧ ಇಷ್ಟೇ ಬಂದರೆ ಅದು ಅರ್ಧ ಊರು.

ಧಾರವಾಡದಾಕಿ

ಮೇಷ್ಟ್ರು ಹೇಳಿದ್ದು ಖರೇ ಅದ ರೀ, ಗೆದ್ದವರು ಬರೆಸಿದ ನಗು ಅದು. ಆದ್ರ ಅವರು ಬರೀ ಮಂದಿ ಮ್ಯಾಲೆ ನಕ್ಕಿಲ್ಲ, ತಮ್ಮ ಹೊಟ್ಟಿ ಮ್ಯಾಲೆನೂ ನಕ್ಕಾರ. ಹಿರೇರ ಮೂಲ ಊರು ಅಸ್ತ್ಲಾನಿಗೆ ಹೋದ ಅರವತ್ತು ಮಂದಿ ಮಾಂತ್ರಿಕರ ಕಥಿ ಓದ್ರಿ. ನನ್ನ ಪ್ರಕಾರ ಆ ನಾಡಿನ ವಿಡಂಬನೆಯೊಳಗ ಇದರ ಮುಂದ ಯಾವುದೂ ಇಲ್ಲ. ನಾ ನಮ್ಮ ಮಾತಿನ್ಯಾಗ ಹೇಳೇ ಬಿಡ್ತೀನಿ.

ದೊರೆ ಮೊದಲನೇ ಮೊಕ್ತೆಸುಮಾಗ ಎಲ್ಲಾ ಬಂದಿತ್ತು. ರಾಜ್ಯ ಬಂತು, ಬಂಗಾರ ಬಂತು, ಬಣ್ಣ ಬಣ್ಣದ ಗರಿ ಬಂತು. ಒಂದಿನ ಅವಗ ನೆನಪಾತು, ನಮ್ಮ ಹಿರೇರು ಬಿಟ್ಟು ಬಂದ ಊರು ಹೆಂಗದನೋ, ನಮ್ಮ ದೇವರು ವಿಟ್ಸಿಲೊಪೊಚ್‌ಟ್ಲಿಯ ಅವ್ವ ಇನ್ನೂ ಅದಾಳೋ ಏನೋ. ಅರವತ್ತು ಮಂದಿ ಮಾಂತ್ರಿಕರನ್ನ ಕರಿಸಿದ, ಶಾಲು, ಹರಳು, ಕೊಕ್ಕೊ, ಚಲೋ ಚಲೋ ಸಾಮಾನು ಹೊರಿಸಿ ಕಳಿಸಿದ. ಅವರು ಹಕ್ಕಿ ಆಗಿ, ಹುಲಿ ಆಗಿ ಹಾರಿ ಓಡಿ ಒಂದು ಕೆರಿ ದಂಡಿಗೆ ಬಂದು ಮತ್ತ ಮನಷ್ಯಾರಾದ್ರು. ಅಲ್ಲಿ ಮಂದಿ ಇವರದೇ ಭಾಷೆ ಮಾತಾಡ್ತಿದ್ರು.

"ಇಲ್ಲಿಂದ ಹೋದವರು, ನಿಮ್ಮ ಮುಖಂಡ್ರು, ಎಲ್ಲಾರೂ ಆರಾಮ ಅದಾರೇನು?" ಅಂತ ಕೇಳಿದ್ರು.

"ಅವರು ಸತ್ತು ಭಾಳ ಕಾಲ ಆತ್ರೀ."

"ಸತ್ರಾ! ಯಾರು ಕೊಂದ್ರು? ನಾವು ಇಲ್ಲೇ ಉಳದವರು ಒಬ್ಬರೂ ಸತ್ತಿಲ್ಲಲ್ಲ!"

ಒಬ್ಬ ಮುದುಕ ಬಂದ. ಅವ ದೇವರ ತಾಯಿ ಕೋಟ್ಲಿಕ್ವೆಯ ಸೇವಾದಾಗ ಇದ್ದಾಂವ. ಸಾಮಾನು ಎತ್ತಿಕೊಂಡು ಬರ್ರಿ ಅಂದು ಉಸುಕಿನ ಗುಡ್ಡ ಹತ್ತಾಕ ಶುರು ಮಾಡಿದ. ಹೆಂಗ ಹತ್ತಿದ ಅಂದ್ರ ಎಳೇ ಹುಡುಗನ ಗತೆ. ಇವರು ಹಿಂದ ಕಾಲಿಟ್ರು, ಮೊಣಕಾಲು ತನಕ ಹುಗದ್ರು. ಮತ್ತೊಂದು ಹೆಜ್ಜಿಗೆ ನಡದ ತನಕ. ಮುದುಕ ಮ್ಯಾಲಿಂದ ನೋಡಿ ಕೇಳಿದ: "ಏನ್ ತಿಂತೀರೋ ನಿಮ್ಮೂರಾಗ?" "ಎಲ್ಲಾ ತಿಂತೀವ್ರೀ, ಮ್ಯಾಲೆ ಚಾಕಲೇಟು ಕುಡೀತೀವಿ." "ಅದಕ್ಕ ನೋಡ್ರಿ! ಅದೇ ನಿಮ್ಮನ್ನ ಭಾರ ಮಾಡೇತಿ, ಅದೇ ನಿಮ್ಮ ಹಿರೇರನ್ನ ಕೊಂದೇತಿ." ಅಂದಾಂವನೇ ಅವರ ಗಂಟು ತಾ ಹೊತ್ತುಕೊಂಡು ಸರಸರ ಹತ್ತಿ ಹೋದ.

ಅವ್ವ ಬಂದಳು. ಮಗ ಬಿಟ್ಟು ಹೋದ ದಿನದಿಂದ ಮುಖ ತೊಳದಿಲ್ಲ, ತಲಿ ಬಾಚಿಲ್ಲ. ಬಂಗಾರ, ಗರಿ ನೋಡಿ ಅಕಿಗೆ ಏನೂ ಅನಿಸಲಿಲ್ಲ. ಮಗನಿಗೆ ಕೊಡ್ರಿ ಅಂತ ನಾರಿನ ಒಂದು ಹೊದಿಕಿ, ಒಂದು ಲಂಗೋಟಿ ಕೊಟ್ಟು ಕಳಿಸಿದಳು. ನನ್ನ ಮಗ ಯಾವ ಕ್ರಮದಾಗ ಊರು ಗೆದ್ದಾನೋ ಅದೇ ಕ್ರಮದಾಗ ಕಳಕೋತಾನ ಅಂತನೂ ಹೇಳಿದಳು. ಹೋದವರಾಗ ಕೆಲವರು ತಿರುಗಿ ಬರಲೇ ಇಲ್ಲ.

ರಾಜ್ಯ ಉಬ್ಬಿ ನಿಂತ ಕಾಲದ್ದು ಅಂತ ಹೇಳೂ ಕಥಿ ಇದು. ಗುಡ್ಡ ಹತ್ತಲಾರದ ಮಂತ್ರವಾದಿ, ಅವನ ಬಾಯಾಗ ಚಾಕಲೇಟು. ನಗು ಬರ್ತದ, ನಕ್ಕ ಮ್ಯಾಲೆ ಹೊಟ್ಟ್ಯಾಗ ಚುಚ್ಚತದ. ಹಾಲಕ್ಕಿಯವರ, ನಿಮ್ಮ ಸರಣಿಗೆ ಇದು ನಡುಗಂಬ ಆಗ್ಬೇಕು.

ಕಾಡುಮಲ್ಲಿಗೆ

ಎಲ್ಲ ಓದಿದೆ. ಆದರೂ ನನಗೆ ಸಮಾಧಾನವಿಲ್ಲ, ನೇರವಾಗಿ ಹೇಳುತ್ತೇನೆ.

1520ರಲ್ಲಿ ಸಿಡುಬು ಬಂತು. ದೊರೆ ಕ್ವಿಟ್ಲಾವಾಕ್ ಪಟ್ಟಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ ಸತ್ತ. 1521ರ ಆಗಸ್ಟ್ 13ಕ್ಕೆ ನಗರ ಸ್ಪೇನಿನವರ ಕೈಗೆ ಬಿತ್ತು. ನೀರಿನ ಕಾಲುವೆ ಕಡಿದು, ಉಪವಾಸ ಕೆಡವಿ, ಮನೆ ಮನೆ ಒಡೆಯುತ್ತಾ ಹಿಡಿದ ನಗರ ಅದು. ಮುಂದಿನ ನೂರು ವರ್ಷದಲ್ಲಿ ಆ ನಾಡಿನ ಬಹುಪಾಲು ಜನ ಕಾಯಿಲೆಗೆ, ಬಿಟ್ಟಿ ದುಡಿತಕ್ಕೆ ಸತ್ತುಹೋದರು. ಇಂಥ ಜನರ ಬಗ್ಗೆ ಸಾವಿರಾರು ಮೈಲಿ ದೂರದ ನಾವು ನಗೆಬರಹ ಬರೆಯುವುದು ಸರಿಯೇ? ಅವರೇನೂ ಮುಗಿದುಹೋದ ಜನವಲ್ಲ. ನಾವಾಟ್ಲ್ ಆಡುವವರು ಇವತ್ತಿಗೂ ಮೆಕ್ಸಿಕೊದಲ್ಲಿ ಸುಮಾರು 16 ಲಕ್ಷ ಜನ ಇದ್ದಾರೆ. ಅವರ ಮಕ್ಕಳು ಓದಿದರೆ ಏನನ್ನಿಸಬೇಕು?

ಚರಿತ್ರೆ ಮೇಷ್ಟ್ರು

ಕಾಡುಮಲ್ಲಿಗೆಯವರ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ನನ್ನ ಅಭಿಪ್ರಾಯ ಇದು. 1519ರಿಂದ 1521ರವರೆಗಿನ ಭಾಗವನ್ನು ಈ ಸರಣಿಯ ನಗುವಿನಿಂದ ಹೊರಗಿಡಿ. ಅದರಲ್ಲೂ ದೇವರೆಂದು ತಿಳಿದ ರಾಜನ ಪ್ರಸಂಗವನ್ನು ಮುಟ್ಟಲೇಬೇಡಿ. ನಗರ ಗೆದ್ದ ಸ್ಪೇನಿನ ದಂಡನಾಯಕ ಕೊರ್ಟೆಸ್ ತನ್ನ ದೊರೆಗೆ ಬರೆದ ಪತ್ರಗಳಲ್ಲಿ, ನನ್ನನ್ನು ಕ್ವೆಟ್ಸಾಲ್‌ಕೋಟ್ಲ್ ದೇವರೆಂದು ತಿಳಿದರು ಎಂದು ಎಲ್ಲೂ ಬರೆದಿಲ್ಲ. ಹಾಗೆ ತಿಳಿದಿದ್ದರೆ ಆ ಮನುಷ್ಯ ಹೇಳಿಕೊಳ್ಳದೆ ಬಿಡುತ್ತಿದ್ದನೇ? ಆ ಕಥೆ ದಶಕಗಳ ನಂತರ ಬೆಳೆದದ್ದು. ಸೋತವರಿಗೆ ಸೋಲಿಗೊಂದು ಕಾರಣ ಬೇಕಿತ್ತು, ಗೆದ್ದವರಿಗೆ ಗೆಲುವಿಗೊಂದು ದೈವಸಂಕಲ್ಪ ಬೇಕಿತ್ತು.

ಆದರೆ ನಗಲೇಬಾರದು ಎಂಬುದಕ್ಕೆ ನನ್ನ ಒಪ್ಪಿಗೆಯಿಲ್ಲ. ಒಂದು ಜನಾಂಗವನ್ನು ಬರೀ ರಕ್ತ ಮತ್ತು ಕಣ್ಣೀರಾಗಿ ಉಳಿಸುವುದೂ ಅನ್ಯಾಯವೇ. ಚೋಲೂಲಾದ ಕ್ವೆಟ್ಸಾಲ್‌ಕೋಟ್ಲ್ ಗುಡಿಯ ಹಬ್ಬದಲ್ಲಿ ನಟರು ಕಿವುಡರ ಹಾಗೆ, ನೆಗಡಿ ಹಿಡಿದವರ ಹಾಗೆ, ಕುಂಟರ ಹಾಗೆ ಬಂದು, ಆಮೇಲೆ ಜೀರುಂಡೆ, ಕಪ್ಪೆ, ಹಲ್ಲಿಗಳ ವೇಷದಲ್ಲಿ ಬಂದು ಜನರನ್ನು ನಗಿಸುತ್ತಿದ್ದರು. ಗುಡಿಯ ಅಂಗಳದಲ್ಲೇ, ದೇವರ ಮುಂದೆಯೇ. ದುರಾನ್ ಇನ್ನೊಂದು ಆಟವನ್ನೂ ಹೇಳುತ್ತಾನೆ. ಒಬ್ಬ ಪೆದ್ದ ಸೇವಕ, ಯಜಮಾನ ಏನು ಹೇಳಿದರೂ ಅದನ್ನು ತಿರುಗಾಮುರುಗಾ ತಿಳಿದು ಮಾಡುತ್ತಾನೆ. ಯಕ್ಷಗಾನದ ಹಾಸ್ಯಗಾರನನ್ನು ಕಂಡವರಿಗೆ ಈ ಸೇವಕನ ಪರಿಚಯ ಮಾಡಿಸಬೇಕಾಗಿಲ್ಲ. 1528ರಲ್ಲಿ ಕೊರ್ಟೆಸ್ ಸ್ಪೇನಿಗೆ ಕರೆದೊಯ್ದವರಲ್ಲಿ ಅಂಗಾತ ಮಲಗಿ ಕಾಲಿನಲ್ಲಿ ಮರದ ದಿಮ್ಮಿ ತಿರುಗಿಸುವ ಆಟಗಾರರಿದ್ದರು. ಮರುವರ್ಷ ಜರ್ಮನ್ ಕಲಾವಿದ ಕ್ರಿಸ್ಟಾಫ್ ವೈಡಿಟ್ಸ್ ಅವರ ಚಿತ್ರ ಬರೆದಿಟ್ಟ. ಊರು ಬಿದ್ದು ಏಳು ವರ್ಷವಾಗಿತ್ತು, ಅವರ ಕಾಲಿನ ಕಸುಬು ಹೋಗಿರಲಿಲ್ಲ.

ಕಾಡುಮಲ್ಲಿಗೆ

ಮೇಷ್ಟ್ರೇ, ಆ ಆಟಗಾರರನ್ನು ಪ್ರದರ್ಶನದ ವಸ್ತುಗಳಂತೆ ಹಡಗು ಹತ್ತಿಸಿದ್ದರು ಎಂಬುದನ್ನೂ ಬರೆಯಿರಿ. ಉಳಿದದ್ದಕ್ಕೆ ಒಪ್ಪುತ್ತೇನೆ. ನನ್ನ ತಕರಾರು ನಗುವಿನ ಮೇಲಲ್ಲ, ಯಾರೋ ಒಬ್ಬರು ನೆಲಕ್ಕೆ ಬಿದ್ದಿರುವಾಗ ನಗುವುದರ ಮೇಲೆ.

ಹಾಲಕ್ಕಿ

ಕಾಡುಮಲ್ಲಿಗೆ ಅಕ್ಕ, ನಿಮ್ಮ ಈ ಕೊನೆಯ ಮಾತನ್ನೇ ಅಳತೆಗೋಲು ಮಾಡಿಕೊಂಡರೆ ತ್ಲಾತೆಲೋಲ್ಕೊ ಪ್ರಸಂಗ ಎಲ್ಲಿ ನಿಲ್ಲುತ್ತದೆ? ಕೇಳುತ್ತಿದ್ದೇನೆ, ಯಾಕೆಂದರೆ ನನಗೇ ತೀರ್ಮಾನವಾಗಿಲ್ಲ.

ತ್ಲಾತೆಲೋಲ್ಕೊ ಅದೇ ದ್ವೀಪದ ಇನ್ನೊಂದು ಊರು, ದೊಡ್ಡ ಸಂತೆಯ ಊರು. 1473ರಲ್ಲಿ ಅದರ ದೊರೆ ಮೊಕಿವಿಶ್‌ಗೂ ಟೆನೋಚ್‌ಟಿಟ್ಲಾನಿನ ಅಶಾಯಾಕಾಟ್ಲ್‌ಗೂ ಯುದ್ಧ. ಅಶಾಯಾಕಾಟ್ಲ್‌ನ ಅಕ್ಕನೇ ಮೊಕಿವಿಶ್‌ನ ಹೆಂಡತಿ, ಅವಳನ್ನು ಗಂಡ ಕಡೆಗಣಿಸಿದ ಎಂಬುದೂ ಜಗಳಕ್ಕೆ ಒಂದು ಕಾರಣ. ಸೋತ ತ್ಲಾತೆಲೋಲ್ಕೊದವರು ಕಾಲುವೆಯ ಜೊಂಡಿನಲ್ಲಿ ಕುತ್ತಿಗೆ ಮಟ್ಟ ನೀರಿನಲ್ಲಿ ಅಡಗಿ ಕೂತರು. ಗೆದ್ದವರು ದಂಡೆಯಲ್ಲಿ ನಿಂತು, ಜೀವ ಬೇಕಾದರೆ ನೀರುಹಕ್ಕಿಗಳ ಹಾಗೆ ಕೂಗಿ ಅಂದರು. ಜೊಂಡಿನ ತುಂಬ ಬಾತುಕೋಳಿ ಕೂಗು. ಆಮೇಲೆ ಅವರಿಗೆ ಅದೇ ಅಡ್ಡಹೆಸರಾಯಿತು.

ಓದಿದಾಗ ಮೊದಲು ನಗುವೇ ಬರುತ್ತದೆ. ಮರುಕ್ಷಣ ನೀರಿನಲ್ಲಿ ಕೂತವನ ಮುಖ ನೆನಪಾಗುತ್ತದೆ.

ತೋಟದಮೂಲೆ

ಜೊಂಡಿನೊಳಗಿನಿಂದ ಬರೆಯಿರಿ ಅಂತೇನೆ. ದಂಡೆಯಲ್ಲಿ ನಿಂತು ಬರೆದರೆ ಅವಮಾನ. ನೀರಲ್ಲಿ ಕೂತವನೊಬ್ಬ ಪಕ್ಕದವನಿಗೆ, ನಿನ್ನ ಕೂಗು ಬಾತುಕೋಳಿಯದ್ದಲ್ಲ, ಕೊಕ್ಕರೆಯದ್ದು, ಸರಿಯಾಗಿ ಕೂಗು, ಇಬ್ಬರ ಜೀವವೂ ಹೋಗ್ತದೆ ಅಂತ ಬೈದರೆ ಆ ನಗು ಅವನದ್ದೇ ಆಗ್ತದಲ್ವಾ?

ಚರಿತ್ರೆ ಮೇಷ್ಟ್ರು

ತೋಟದಮೂಲೆಯವರು ಸರಿಯಾದ ಜಾಗಕ್ಕೆ ಕೈಹಾಕಿದರು. ಅಲ್ಲಿಗೇ ಕಥೆ ಮುಗಿಯುವುದೂ ಇಲ್ಲ. 1521ರಲ್ಲಿ ಸ್ಪೇನಿನವರ ವಿರುದ್ಧ ಕೊನೆಯ ಹೋರಾಟ ನಡೆದದ್ದು ಇದೇ ತ್ಲಾತೆಲೋಲ್ಕೊದಲ್ಲಿ. 1536ರಲ್ಲಿ ಪಾದ್ರಿಗಳ ವಿದ್ಯಾಲಯ ಶುರುವಾದದ್ದೂ ಅಲ್ಲೇ. ಸಹಗೂನ್ ಜೊತೆ ದುಡಿದ ಅಂತೋನಿಯೊ ವಲೆರಿಯಾನೊ, ಮಾರ್ತಿನ್ ಹಕೋಬಿತಾ ಮುಂತಾದ ನಾವಾಟ್ಲ್ ಭಾಷಿಕ ವಿದ್ವಾಂಸರು ಆ ವಿದ್ಯಾಲಯದವರು. ಯುದ್ಧದ ಕಥೆ ಹೇಳುವ ಹನ್ನೆರಡನೆಯ ಸಂಪುಟಕ್ಕೆ ತ್ಲಾತೆಲೋಲ್ಕೊದ ಮುದುಕರ ನೆನಪೇ ಆಧಾರ. ಅದರಲ್ಲಿ ತ್ಲಾತೆಲೋಲ್ಕೊದವರು ಎದೆಯೊಡ್ಡಿ ನಿಲ್ಲುತ್ತಾರೆ, ಟೆನೋಚ್‌ಟಿಟ್ಲಾನಿನವರು ತಮ್ಮತಮ್ಮಲ್ಲೇ ಕಚ್ಚಾಡುತ್ತಾರೆ. ಬಾತುಕೋಳಿ ಅಂದಿದ್ದಿರಲ್ಲ, ಈಗ ನೋಡಿ ಎಂಬ ದನಿ ಅಲ್ಲಿದೆ. ಜೊಂಡಿನ ಪ್ರಸಂಗವನ್ನು ಬರೆಯುವುದಾದರೆ, ಅದರ ಬೆನ್ನಿಗೇ ಈ ಮುದುಕರನ್ನು ತನ್ನಿ.

ಗುಬ್ಬಿಗೂಡು

ದೊರೆಗಳ ಕಥೆಯೇ ಆಯಿತು. ದೇವರುಗಳನ್ನು ಯಾಕೆ ಬಿಟ್ಟಿರಿ? ನನ್ನ ಮಗಳಿಗೆ ಮಲಗುವಾಗ ಹೇಳುವುದು ಇವೇ.

ನಾಲ್ಕು ಸೂರ್ಯರು ಅಳಿದ ಮೇಲೆ ಐದನೆಯ ಸೂರ್ಯ ಹುಟ್ಟಬೇಕು, ಒಬ್ಬ ದೇವರು ಬೆಂಕಿಗೆ ಹಾರಬೇಕು. ಸಿರಿವಂತ ತೆಕ್ಸಿಸ್ತೆಕಾಟ್ಲ್ ನಾನು ನಾನು ಅಂತ ಮುಂದೆ ಬಂದ. ಅವನು ಹರಕೆಗೆ ತಂದದ್ದೆಲ್ಲ ಬೆಲೆಬಾಳುವ ಗರಿ, ಹವಳ. ಮೈತುಂಬ ಹುಣ್ಣಿನ ನಾನಾವಾಟ್ಸಿನ್ ತಂದದ್ದು ಜೊಂಡಿನ ಕಟ್ಟು, ತನ್ನ ಗಾಯದ ಹಕ್ಕಳೆ. ಸಿರಿವಂತ ಓಡಿಬಂದ, ಬೆಂಕಿಯ ಅಂಚಿಗೆ ಬಂದು ನಿಂತುಬಿಟ್ಟ. ಹಿಂದೆ ಹೋಗಿ ಮತ್ತೆ ಓಡಿಬಂದ. ನಾಲ್ಕು ಸಲ. ದೇವರುಗಳು ಬೇಸತ್ತು ಬಡವನನ್ನು ಕರೆದರು. ಅವನು ಕಣ್ಣು ಮುಚ್ಚಿದ, ಹಾರಿದ, ಸೂರ್ಯನಾದ. ನಾಚಿಕೆಯಾಗಿ ಸಿರಿವಂತನೂ ಹಾರಿದ, ಚಂದ್ರನಾದ. ಇಬ್ಬರೂ ಸಮ ಬೆಳಗುವುದು ಸರಿಯಲ್ಲ ಅಂತ ಒಬ್ಬ ದೇವರು ಅವನ ಮುಖಕ್ಕೆ ಮೊಲ ತೆಗೆದು ಬಾರಿಸಿದ. ಆ ಮೊಲದ ಗುರುತು ಈಗಲೂ ಚಂದ್ರನ ಮೇಲಿದೆ.

ಆಮೇಲೆ ಸೂರ್ಯ ಚಲಿಸಲು ಎಲ್ಲ ದೇವರೂ ಸಾಯಬೇಕಾಯಿತು. ಶೊಲೊಟ್ಲ್ ಮಾತ್ರ ಅಳುತ್ತಾ ಓಡಿದ. ಅತ್ತು ಅತ್ತು ಕಣ್ಣು ಊದಿತ್ತು. ಜೋಳದ ಹೊಲಕ್ಕೆ ನುಗ್ಗಿ ಅವಳಿ ದಂಟಿನ ಜೋಳವಾದ, ಸಿಕ್ಕಿಬಿದ್ದ. ಕತ್ತಾಳೆಯಾದ, ಸಿಕ್ಕಿಬಿದ್ದ. ನೀರಿಗೆ ಹಾರಿ ಅಶೊಲೊಟ್ಲ್ ಎಂಬ ಹಲ್ಲಿಯಂಥ ನೀರುಪ್ರಾಣಿಯಾದ, ಅಲ್ಲೇ ಹಿಡಿದರು. ಶೋಚಿಮಿಲ್ಕೊದ ಕಾಲುವೆಗಳಲ್ಲಿ ಆ ಪ್ರಾಣಿ ಇವತ್ತಿಗೂ ಇದೆ, ಅಳಿವಿನ ಅಂಚಿನಲ್ಲಿದೆ. ಮೆಕ್ಸಿಕೊದ 50 ಪೆಸೊ ನೋಟಿನ ಮೇಲೆ ಅದರ ಚಿತ್ರ ಹಾಕಿದ್ದಾರೆ. ಸಾವಿಗೆ ಹೆದರಿ ಓಡಿದ ದೇವರನ್ನು ಪ್ರೀತಿಸದೆ ಇರಲಾಗುತ್ತದೆಯೇ? ನನ್ನ ಮಗಳಿಗೆ ಸೂರ್ಯನಿಗಿಂತ ಅವನೇ ಇಷ್ಟ.

ಮಕ್ಕಳಿಗೆ ಇನ್ನೊಂದು: ಅವರ ಒಗಟುಗಳು. ಸಹಗೂನ್ ಮಾಡಿಸಿದ ಆರನೆಯ ಸಂಪುಟದಲ್ಲಿವೆ. ನೀಲಿ ಬಟ್ಟಲ ತುಂಬ ಅರಳು, ಏನು? ನಕ್ಷತ್ರ ತುಂಬಿದ ಆಕಾಶ. ಬೆನ್ನ ಮೇಲೆ ಹೊತ್ತ ಹತ್ತು ಚಪ್ಪಡಿ? ಉಗುರು. ಕಪ್ಪು ಕಾಡಿನಲ್ಲಿ ಹಿಡಿದು ಬಿಳಿ ಬಂಡೆಯ ಮೇಲೆ ಕೊಲ್ಲುವುದು? ಹೇನು!

ಧಾರವಾಡದಾಕಿ

ಹೇನಿನ ಒಗಟು ಓದಿ ನಮ್ಮ ಅತ್ತಿಯವರು ನಕ್ಕಿದ್ದು ನಿಂತಿಲ್ಲ ರೀ.

ಹಾಲಕ್ಕಿಯವರ, ದೊರೆಯ ಮಗಳ ಕಥಿ ಏನ್ ಮಾಡಿದ್ರಿ?

ಹಾಲಕ್ಕಿ

ನಿರ್ಧಾರ ಮಾಡಿದೆ. ದೇವತೆ ಮಾಡುತ್ತೇವೆ ಎಂದು ಮಗಳನ್ನು ಕೇಳಿ ಪಡೆದು, ಅವಳನ್ನು ಬಲಿಕೊಟ್ಟು, ಚರ್ಮವನ್ನು ಪೂಜಾರಿಗೆ ತೊಡಿಸಿ, ಪೂಜೆಗೆ ತಂದೆಯನ್ನೇ ಕರೆದರು. ಹೊಗೆಯ ನಡುವೆ ಧೂಪ ಹಾಕುತ್ತಿದ್ದ ತಂದೆಗೆ ಬೆಳಕಿನಲ್ಲಿ ಕಂಡದ್ದು ಏನೆಂದು ಎಲ್ಲರಿಗೂ ಗೊತ್ತು. ಇದನ್ನು ನಗದೆ, ಒಂದೇ ಪುಟದಲ್ಲಿ, ಬಣ್ಣ ಹಚ್ಚದೆ ಹೇಳುತ್ತೇನೆ. ಬಿಟ್ಟರೆ ಹಾವು ತಿಂದವರ ಜಾಣತನ ಮಾತ್ರ ಉಳಿದು ಸುಳ್ಳಾಗುತ್ತದೆ. ಅದನ್ನು ಓದಿದ ಮೇಲೆ ಓದುಗರಿಗೆ ಮತ್ತೆ ನಗಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಸರಣಿಯ ಮೊದಲ ಕಂತಾಗಿ ನೀರಿನ ಕಥೆ ಹಾಕೋಣ ಎಂದಿದ್ದೇನೆ. ಕರಡು ಇಲ್ಲಿದೆ, ತಿದ್ದಿ.

"ದೊರೆ ಅವಿಟ್ಸೋಟ್ಲ್‌ಗೆ ನೀರು ಬೇಕಾಯಿತು. ನಗರ ಕೆರೆಯ ನಡುವೆಯೇ ಇದ್ದರೂ, ಕೊಯೊವಾಕಾನಿನ ಬುಗ್ಗೆಯ ನೀರು ಬೇಕು ಅಂದರು. ಕೊಯೊವಾಕಾನಿನ ಒಡೆಯ ತ್ಸುತ್ಸುಮಾ ವಿನಯದಿಂದಲೇ ಹೇಳಿದ: ಮಹಾಪ್ರಭು, ಆ ಬುಗ್ಗೆ ಹೇಳಿದ ಮಾತು ಕೇಳುವುದಿಲ್ಲ, ಉಕ್ಕಿದರೆ ನಿಮ್ಮ ಊರು ಮುಳುಗುತ್ತದೆ. ಸಲಹೆ ಕೇಳಿದ ದೊರೆ ಸಲಹೆಗಾರನನ್ನು ಕೊಲ್ಲಲು ಆಳು ಕಳಿಸಿದರು. ಆಳುಗಳು ಬಾಗಿಲು ತೆರೆದರೆ ಒಳಗೆ ಹದ್ದು. ಓಡಿಹೋದರು. ಮರುದಿನ ಬಂದರೆ ಹುಲಿ. ಅದರ ಮರುದಿನ ಹಾವು. ಕೊನೆಗೆ ಬರೀ ಬೆಂಕಿ. ಪ್ರತಿ ಸಲವೂ ಅವರು ಅರಮನೆಗೆ ಬಂದು, ಒಡೆಯರು ಮನೆಯಲ್ಲಿದ್ದರು, ಆದರೆ ಕೊಲ್ಲುವ ಸ್ಥಿತಿಯಲ್ಲಿರಲಿಲ್ಲ ಎಂದು ವರದಿ ಒಪ್ಪಿಸಿದರು. ಊರನ್ನೇ ನಾಶ ಮಾಡುತ್ತೇನೆಂದು ದೊರೆ ಬೆದರಿಸಿದಾಗ ತ್ಸುತ್ಸುಮಾ ತಾನಾಗಿ ಹೊರಗೆ ಬಂದ, ಕತ್ತು ಕೊಟ್ಟ.

ಕಾಲುವೆ ಮುಗಿಯಿತು. ನೀರು ಬರುವ ದಿನ ಪೂಜಾರಿಗಳು ಶಂಖ ಊದಿದರು, ಧೂಪ ಹಾಕಿದರು, ಗೌಜಲಕ್ಕಿ ಬಲಿಕೊಟ್ಟರು, ನೀರಮ್ಮಾ, ಸ್ವಾಗತ ಎಂದು ಬಾಗಿದರು. ನೀರು ಬಂತು. ಇನ್ನೂ ಬಂತು. ಸ್ವಾಗತ ಭಾಷಣ ಮುಗಿದ ಮೇಲೂ ಬರುತ್ತಲೇ ಇತ್ತು."

ಚರಿತ್ರೆ ಮೇಷ್ಟ್ರು

ಚೆನ್ನಾಗಿದೆ. ಎರಡು ತಿದ್ದುಪಡಿ. ನಗರ ಕೂಡಲೇ ಮುಳುಗಲಿಲ್ಲ, ಕೆಲವು ವಾರ ಕಳೆದ ಮೇಲೆ ಮುಳುಗಿತು. ಆ ವಾರಗಳನ್ನು ಬಿಡಬೇಡಿ, ದಿನಕ್ಕೊಂದು ಗೇಣು ನೀರು ಏರುತ್ತಿರುವಾಗ ಆಸ್ಥಾನದವರು ಏನು ಮಾತಾಡಿರಬಹುದು ಎಂಬುದಕ್ಕೆ ಜಾಗ ಸಿಗುತ್ತದೆ. ಎರಡನೆಯದು, ಕೊನೆಗೆ ಮುಳುಗುಗಾರರನ್ನು ಇಳಿಸಿ ಬುಗ್ಗೆಯ ಬಾಯಿ ಮುಚ್ಚಿಸಿದ್ದನ್ನು ಸೇರಿಸಿ.

ಕಾಡುಮಲ್ಲಿಗೆ

ತ್ಸುತ್ಸುಮಾ ಹೊರಗೆ ಬರುವ ಸಾಲಿನಲ್ಲಿ ನಗು ನಿಂತದ್ದು ಸರಿಯಾಗಿದೆ, ಅಲ್ಲಿ ಏನೂ ಸೇರಿಸಬೇಡಿ. ಆಳುಗಳ ವರದಿ ಇನ್ನೊಂದಿಷ್ಟು ಉದ್ದವಾಗಬಹುದು. ಬೆಂಕಿ ಕಂಡ ದಿನ ಅವರು ಏನು ಹೇಳಿದರು?

ತೋಟದಮೂಲೆ

ಮತ್ತೆ ಆ ಮುಳುಗುಗಾರರಿಗೆ ಕೂಲಿ ಎಷ್ಟು ಬೀಜ ಕೊಟ್ಟರು ಅಂತ ಎಲ್ಲಿಯಾದ್ರೂ ಸಿಕ್ಕಿದ್ರೆ ಹಾಕಿ. ಅದರಲ್ಲಿ ಗೊರಟಿನದ್ದು ಎಷ್ಟು ಅಂತ ನಾನು ಬರೆದು ಕೊಡ್ತೇನೆ.